ಎಳ್ಳಷ್ಟು ಸಡಿಲ

ಹಗಲು ನಾನು ಹಲ್ಲು ಮಾಡುತ್ತೇನೆ.
ಎಲ್ಸ್ಟರ್ ನದಿಯ ದಂಡೆಯ ಸಣ್ಣ ಊರು, ಗಿರಣಿ ಬೀದಿ, ಎರಡನೇ ಮಹಡಿ.
ಗುಲಾಬಿ ಮೇಣ, ಪಿಂಗಾಣಿ ಪುಡಿ, ದೀಪದ ನೀಲಿ ನಾಲಗೆ.
ಯಾರದೋ ದವಡೆಯ ಅಚ್ಚು ಎದುರಿಗಿಟ್ಟುಕೊಂಡು
ಯಾರದೋ ಕಡಲೆಗೆ ಹಲ್ಲು ಜೋಡಿಸುವ ಕೆಲಸ.

ರಾತ್ರಿ ಹಳಿ ಹಾಕುತ್ತೇನೆ,
ಕಂಪ್ಯೂಟರಿನೊಳಗೆ, ರೈಲು ಓಡಿಸುವ ಆಟದೊಳಗೆ.
ದೊಡ್ಡ ರೈಲಿನ ಹಳಿ ಆಟದವರೇ ಕೊಟ್ಟಿದ್ದಾರೆ,
ಎಳೆದಷ್ಟೂ ಬರುತ್ತದೆ, ಒತ್ತುಶಾವಿಗೆಯ ಹಾಗೆ.
ನನಗೆ ಬೇಕಾದದ್ದು ಅದರಲ್ಲಿಲ್ಲ:
ಎರಡು ಗೇಣಿಗೂ ಕಡಿಮೆ, ಹದಿನೈದೇ ಅಂಗುಲ ಅಗಲ,
ನಮ್ಮ ಪಾರ್ಕಿನ ಕೊಳ ಸುತ್ತಿ ಬರುತ್ತಿದ್ದ
ಮಕ್ಕಳ ರೈಲಿನದು.

ಟಿಕೆಟ್ ಕೊಡುವವರು, ಬಾವುಟ ಬೀಸುವವರು, ಸ್ಟೇಷನ್ ಮಾಸ್ತರು,
ಎಲ್ಲ ಹದಿನಾಲ್ಕರೊಳಗಿನವರು.
ಹನ್ನೊಂದಕ್ಕೆ ನಾನು ಕಂಡಕ್ಟರಾದೆ.
ಟೋಪಿ ಕಿವಿ ದಾಟಿ ಇಳಿಯುತ್ತಿತ್ತು.
ಟಿಕೆಟ್ ಇಲ್ಲವೆಂದು ಅಪ್ಪನಿಗೇ ದಂಡ ಹಾಕಿದೆ, ಐವತ್ತು ಫೆನಿಗ್;
ಅಪ್ಪ ಎದ್ದು ನಿಂತು, ಸಲಾಮು ಹೊಡೆದು, ಕೊಟ್ಟ.
ಆಮೇಲೆ ನಾಣ್ಯ ಬದಲಾಯಿತು, ದೇಶದ ಹೆಸರೂ.
ಹಳಿ ಗುಜರಿಗೆ, ಕಿಲೋ ಲೆಕ್ಕದಲ್ಲಿ.

ಮೊದಲು ಹಳಿಯ ಅಡ್ಡಸೀಳು ಬರೆಯಬೇಕು: ತಲೆ, ಸೊಂಟ, ಪಾದ.
ನಲವತ್ತು ಬಿಂದು ಇಟ್ಟೆ; ಆಟ ಏದುಸಿರು ಬಿಟ್ಟಿತು.
ಹದಿನಾಲ್ಕಕ್ಕೆ ಇಳಿಸಿದೆ.
ಸ್ಲೀಪರುಗಳನ್ನು ನಾಲ್ಕು ಬಗೆ ಮಾಡಿ ಕಲಸಿ ಹರಡಬೇಕು, ಇಲ್ಲವೇ
ಅದೇ ಗಂಟು, ಅದೇ ಬಿರುಕು ಮತ್ತೆ ಮತ್ತೆ ಬಂದು
ಕಣ್ಣು ಮೋಸ ಹಿಡಿಯುತ್ತದೆ,
ತೀರಾ ಸಾಲಾಗಿರುವ ಹಲ್ಲು ಕಟ್ಟಿಸಿದ್ದೆಂದು ಗೊತ್ತಾಗುವ ಹಾಗೆ.
ತುಕ್ಕಿಗೆ ನನ್ನ ಬಾಲ್ಕನಿ ಕುರ್ಚಿಯ ಕಾಲಿನ ಫೋಟೋ,
ಜಲ್ಲಿಗೆ ಸೂಪರ್‌ ಮಾರ್ಕೆಟ್ಟಿನ ಹಿತ್ತಿಲ ನೆಲ.
ಅಗಲದ ಚೌಕದಲ್ಲಿ ೩೮೧ ಮಿಲಿಮೀಟರ್ ಎಂದು ಬರೆದು
ಇಂಜಿನ್ ಬಿಟ್ಟೆ.

ಓಡಿತು. ಬಿಸಿ ಕಾವಲಿಯ ಮೇಲೆ ಬೆಣ್ಣೆ ಜಾರಿದ ಹಾಗೆ.
ನಮ್ಮದು ಹಾಗೆ ಓಡುತ್ತಿರಲಿಲ್ಲ.

ಮಂಗಳವಾರ ವೆಂಡೆಲಿನ್ ಕ್ರೌಸ್ಪೆ ಬಂದ,
ಕೆಳಗಿನ ಸೆಟ್ಟು ಒತ್ತುತ್ತದೆಂದು ದೂರು.
ಇಪ್ಪತ್ತಾರು ವರ್ಷ ಆ ಹಳಿ ತಿದ್ದಿದವನು.
ಹೇಳಿ ಕಳಿಸಿದ್ದೆ, ಅದಕ್ಕೆ ಟವೆಲಿನಲ್ಲಿ ಸುತ್ತಿ ತಂದಿದ್ದ,
ಕಬ್ಬಿಣದ ಅಳತೆಗೋಲು, ಎರಡು ತುದಿಗೆ ಎರಡು ಕಿವಿ.
ಅಳೆದೆ. ಮತ್ತೆ ಅಳೆದೆ.
ಮುನ್ನೂರ ಎಂಬತ್ತನಾಲ್ಕು.

ಸವೆದಿದೆ ಅಂದೆ. ಮೂರು ಹೆಚ್ಚು.

ಅವನು ಸೆಟ್ಟು ಬಿಚ್ಚಿ ನನ್ನ ಮೇಜಿನ ಮೇಲಿಟ್ಟ.
ಬೊಚ್ಚು ಬಾಯಿ, ಅರ್ಧ ಮಾತು ಗಾಳಿಗೆ:
‘ಸವೆದಿಲ್ಲ. ಅದು ಕೊಳದ ತಿರುವಿನ ಕೋಲು. ನೇರಕ್ಕೆ ಬೇರೆ ಇತ್ತು, ಕಳೆಯಿತು.
ತಿರುವಿನಲ್ಲಿ ಬಿಗಿ ಹಿಡಿದರೆ
ಚಕ್ರ ಹಳಿ ಹತ್ತುತ್ತದೆ ಹುಡುಗಿ. ಎಳ್ಳಷ್ಟು ಸಡಿಲ ಬಿಡಬೇಕು.’
ಆಮೇಲೆ ಸೆಟ್ಟಿನ ಕಡೆ ಬೆರಳು ತೋರಿಸಿ,
‘ಇದಕ್ಕೂ.’

ಐವತ್ತು ದಾಟಿದ ಮೇಲೆ ಹುಡುಗಿ ಅನ್ನಿಸಿಕೊಂಡು
ಎರಡು ಗಂಟೆ ಅವನ ಹಲ್ಲು ಉಜ್ಜಿದೆ.

ಆ ರಾತ್ರಿ ಕೊಳದ ತಿರುವನ್ನಷ್ಟೇ ಕತ್ತರಿಸಿ
೩೮೪ ಮಾಡಿ ಹೊಲಿದೆ.
ಆಟಕ್ಕೆ ಏನೂ ತಿಳಿಯಲಿಲ್ಲ.
ಅದರ ಚಕ್ರ ಹಳಿಯನ್ನು ಮುಟ್ಟುವುದೇ ಇಲ್ಲ,
ಬರೆದ ಗೆರೆಯೊಂದನ್ನು ಹಿಡಿದು ಹೋಗುತ್ತದೆ, ಅಷ್ಟೆ.
ಆ ಮೂರು ಮಿಲಿಮೀಟರ್ ನಾನೊಬ್ಬಳೇ ಬಲ್ಲೆ,
ಇನ್ನೊಬ್ಬ ಬಲ್ಲವನು ಈಗ ಸೇಬು ಕಚ್ಚುತ್ತಿರಬೇಕು.

ಅಲ್ಲಿ ಒಂದು ಕಿರುಚು ಇತ್ತು, ಹೋದ ಸಲವೇ ನೆನಪಾಗಬೇಕಿತ್ತು.
ಬುಧವಾರ ಲ್ಯಾಬಿನಲ್ಲಿ ಬಾಗಿಲು ಹಾಕಿಕೊಂಡು
ಉಜ್ಜುವ ಗಾಲಿಯನ್ನು ಕ್ರೋಮಿನ ತುಂಡಿಗೆ ಒತ್ತಿ
ಫೋನಿನಲ್ಲಿ ದನಿ ಹಿಡಿದೆ. ಹನ್ನೊಂದನೇ ಸಲಕ್ಕೆ ಸಿಕ್ಕಿತು.

ಕ್ಯಾಮೆರಾವನ್ನು ನೂರ ಮೂವತ್ತಾರು ಸೆಂಟಿಮೀಟರಿಗೆ ಇಳಿಸಿದ್ದೇನೆ,
ಟೋಪಿ ಸೇರಿಸಿ.
ತಿರುವು ಬಂತು. ಕೀ ಎಂದಿತು.
ಎಡಕ್ಕೆ ಕೊಳವಿರಬೇಕಾದಲ್ಲಿ ಬೂದು ಹಾಳೆ,
ನೀರು ಇನ್ನೂ ಹಾಕಿಲ್ಲ.