ಡೈರಿಯಲ್ಲಿ ಒತ್ತಕ್ಷರ

ಬೆಳಗಿನ ಕ್ಯಾನುಗಳು ಗೆಜ್ಜಲಗೆರೆಯ ಲಾರಿ ಹತ್ತಿದ ಮೇಲೆ
ನೆಲಕ್ಕೆ ನಾಲ್ಕು ಬಕೀಟು ನೀರು ಸುರಿದು, ಗುಡಿಸಿ,
ಸಂಜೆ ನಾಲ್ಕರವರೆಗೆ ಡೈರಿ ನಮ್ಮದು, ರಜೆ ಮುಗಿಯುವತನಕ.
ಈ ಬಿಸಿಲಿಗೆ ಇಡೀ ಊರಲ್ಲಿ
ತಣ್ಣಗಿರುವ ಸಿಮೆಂಟು ಇದೊಂದೇ.

ಬೂಸಾ ಚೀಲದಲ್ಲಿ ಮೂವತ್ತೊಂದು ಪುಸ್ತಕ.
ಆನೆಯದ್ದಕ್ಕೆ ಸೊಂಡಿಲು ಹರಿದಿದೆ, ಆದರೂ
ಅದಕ್ಕೇ ಜಗಳ.

ಚಿರಂತ, ಎರಡನೇ ಕ್ಲಾಸು ಮುಗಿಸಿದವನು,
ಒತ್ತು ಕಂಡರೆ ಹಾರಿಬಿಡುತ್ತಾನೆ, ಚರಂಡಿ ಹಾರಿದ ಹಾಗೆ.
ಅಕ್ಕ ಅವನಿಗೆ ಅಕ, ಮದ್ದೂರು ಮದೂರು,
ಬೆಕ್ಕು ಬಾಲವಿಲ್ಲದ ಬೆಕು.
ತಿದ್ದಿದರೆ ಕಿಟಕಿ ನೋಡುತ್ತಾನೆ.

ಒಂದು ದಿನ, ಬೇರೇನೂ ತೋಚದೆ, ಅಂದೆ:
ನಿಮ್ಮನೆ ಹಸು ನಿಂತಿರುತ್ತಲ್ಲ,
ಕೆಳಗೆ ಕರು ನುಗ್ಗಿ ಗುದ್ದುತ್ತಲ್ಲ,
ಹಾಗೆ ಈ ಒತ್ತು.
ಕರು ಬಿಡದೆ ಹಿಂಡಕ್ಕೆ ಕೂತರೆ
ಹಸು ಸೊರ ಬಿಡುತ್ತಾ?
ಅವನು ಹಾಳೆಯ ಮೇಲೆ ಬಗ್ಗಿ
ಬಹಳ ಹೊತ್ತು ಕರುಗಳನ್ನು ಎಣಿಸಿದ.

ಮೇ ಇಪ್ಪತ್ತರ ಸಂಜೆ. ಸಾಲು ಆಗಲೇ ಬಾಗಿಲು ದಾಟಿತ್ತು,
ಅಜ್ಜಿ ಕೆಂಪಾಜಮ್ಮ ಮೂರನೆಯವಳು.
ಮನೆಗೆ ಹೊರಟವನು ಗೋಡೆಯೆದುರು ನಿಂತ.
ನೀಲಿ ಬಣ್ಣದ ಹಳೇ ಬರಹ. ಬೆರಳಿಟ್ಟು, ಊರಿಗೆಲ್ಲ ಕೇಳುವಂತೆ:
ಹಾ-ಲಿ-ಗೆ. ನೀ-ರು. ಬೆ-ರೆ-ಸು-ವು-ದು.
ತಡೆದ. ತುಟಿ ಎರಡೂ ಒತ್ತಿ ಹಿಡಿದ.
ತಪ್ಪು.

ಸರಿ, ಅಂದೆ ನಾನು.

ಸಾಲು ಗೊಳ್ಳೆಂದಿತು. ಆಮೇಲೆ ಎಲ್ಲರ ಕಣ್ಣೂ
ತಂತಮ್ಮ ಕ್ಯಾನಿನ ಮುಚ್ಚಳದ ಮೇಲೆ.
"ಓದಕ್ಕೆ ಬ್ಯಾರೆ ಏನೂ ಸಿಗ್ನಿಲ್ವೇನ್ಲಾ ನಿಂಗೆ?"
ಅಂದಳು ಅಜ್ಜಿ, ಸೆರಗು ಬಾಯಿಗಿಟ್ಟು.

ಅವಳ ಸರದಿ ಬಂದು,
ಲ್ಯಾಕ್ಟೋಮೀಟರು ಹಾಲಿಗೆ ಇಳಿದು,
ಮುಳುಗಿ, ಯೋಚಿಸಿ, ಮೇಲೆ ಬರುವವರೆಗೆ
ಅವನು ಗೋಡೆಯಿಂದ ಬೆರಳು ತೆಗೆಯಲಿಲ್ಲ.