ಬಂದೆ, ಮಿಸ್

ಹುಳುಗಳಿಗೆ ಜ್ವರ ಬಂದರೆ ನನ್ನ ತರಗತಿ ತುಂಬುತ್ತದೆ.
ಹೊಸದರಲ್ಲಿ ಇದು ತಿಳಿಯಲಿಲ್ಲ.
ಶಿಡ್ಲಘಟ್ಟದಿಂದ ಆಚೆ ಹನ್ನೊಂದು ಕಿಲೋಮೀಟರು,
ಹಿಪ್ಪುನೇರಳೆ ಸಾಲುಗಳ ನಡುವೆ ಎರಡು ಕೋಣೆ,
ಹಾಜರಿಯಲ್ಲಿ ವಾರಗಟ್ಟಲೆ ಸೊನ್ನೆ,
ಆಮೇಲೊಂದು ದಿನ ಥಟ್ಟನೆ
ಬೆಂಚು ಸಾಲದಷ್ಟು ಮಕ್ಕಳು.
"ನಾಕನೇ ಜ್ವರ ಮಿಸ್, ಉಳ ಮಲಗೈತೆ, ಸೊಪ್ಪು ಬೇಡ,"
ಅಂದ ಚಲಪತಿ, ಇದೂ ಗೊತ್ತಿಲ್ಲವೇ ಎಂಬಂತೆ.
"ಒಂದೂವರೆ ದಿನ. ಎದ್ದರೆ ನಾನು ಬರಲ್ಲ."

ನನ್ನಪ್ಪ ಅರಸೀಕೆರೆಯಲ್ಲಿ ರೈಲ್ವೆ ಗಾರ್ಡು.
ನಮ್ಮ ಮನೆಯಲ್ಲಿ ಅನ್ನ ಕೂಡ
ಎಂಟು ನಲವತ್ತಕ್ಕೆ ಬೇಯುತ್ತಿತ್ತು.
ನನ್ನ ಬ್ಯಾಗಿನಲ್ಲಿ ಪಾಠಯೋಜನೆ, ರೂಲು ಹೊಡೆದದ್ದು:
ಜುಲೈ, ಎರಡನೇ ವಾರ, ಕಾಲಗಳು. ನಲವತ್ತು ನಿಮಿಷ.

ಹರ್ಷಿಯಾ ಎರಡನೇ ಪೀರಿಯಡ್ಡಿಗೇ ತೂಕಡಿಸುತ್ತಾಳೆ.
ಶಾಲೆ ಹಿಂದಿನ ರೀಲಿಂಗ್ ಶೆಡ್ಡಿನಲ್ಲಿ
ಅವಳಪ್ಪ ನಾಲ್ಕಕ್ಕೆ ಒಲೆ ಹೊತ್ತಿಸಿದರೆ
ಬಿಸಿನೀರಿನ ಗೂಡಿಂದ ಎಳೆ ಹುಡುಕುವ ಬೆರಳು ಅವಳದು.
ಮೊದಲು ಎಬ್ಬಿಸುತ್ತಿದ್ದೆ.

ಆ ದಿನ ಬೋರ್ಡಿನ ಮೇಲೆ ಮೂರು ಮನೆ ಬರೆದೆ:
ಭೂತ, ವರ್ತಮಾನ, ಭವಿಷ್ಯತ್.
ಮುಂದೆ ಆಗುವುದಕ್ಕೆ ಒಂದು ಉದಾಹರಣೆ?
ಚಲಪತಿ ಎದ್ದು ನಿಂತ: "ಬಂದೆ."
ನಕ್ಕವಳು ನಾನೊಬ್ಬಳೇ.
ತಪ್ಪು ಕಣೋ, ಬಂದೆ ಅಂದರೆ ಆಗಿಹೋದದ್ದು.
"ಇಲ್ಲ ಮಿಸ್. ನಮ್ಮಮ್ಮ ಒಳಗಿಂದ ಬಂದೆ ಅಂದ್ರೆ
ಇನ್ನೂ ಎರಡು ತಟ್ಟೆಗೆ ಸೊಪ್ಪು ಹಾಕೋದೈತೆ ಅಂತ."
ಡೆಸ್ಕಿನ ಮೇಲಿಂದ ತಲೆ ಎತ್ತದೆ ಹರ್ಷಿಯಾ ಅಂದಳು:
"ಬಂದೆ ಅಂದೋರು ಬರ್ತಾರೆ ಮಿಸ್.
ಬರ್ತೀನಿ ಅಂದೋರು ಹೋಗ್ತಾರೆ."

ಸೀಮೆಸುಣ್ಣ ಹಿಡಿದು ನಿಂತೆ.
ಮೊದಲ ಮನೆಗೂ ಕೊನೆಯ ಮನೆಗೂ ನಡುವೆ
ಆ ಎರಡಕ್ಷರ ಎಲ್ಲಿ ಇಡಲಿ?
ಹೊರಗೆ ಹೆಡ್ ಮಾಸ್ಟರು ಕೂಗಿದರು,
ಮೊಟ್ಟೆ ಲೆಕ್ಕಕ್ಕೆ ಸಹಿ ಬೇಕಂತೆ.
ಬಂದೆ ಸಾರ್, ಅಂದೆ.
ಕಂಬಿ ತುಂಡಿನ ಗಂಟೆ ಯಾವಾಗ ಹೊಡೆಯಿತೋ,
ನಾವು ಇನ್ನೂ ಬೋರ್ಡಿನ ಮುಂದೆಯೇ ಇದ್ದೆವು.

ಮಾರನೆಯ ದಿನ ಹುಳು ಎದ್ದವು.
ಅರ್ಧ ಬೆಂಚು ಖಾಲಿ. ಹಾಜರಿ ತೆರೆದು
ಚಲಪತಿ ಎಂದು ಕೂಗಿದೆ, ಅಭ್ಯಾಸಕ್ಕೆ.
ಕಿಟಕಿಯಾಚೆ ದಾರಿಯಲ್ಲಿ
ಎರಡು ಕಾಲು ಮೂಡಿಸಿಕೊಂಡ ಒಂದು ಸೊಪ್ಪಿನ ಹೊರೆ
ಓಡುತ್ತಲೇ ಕೂಗಿತು: ಬಂದೆ ಮಿಸ್!

ಪೆನ್ನಿನ ಮುಚ್ಚಳ ತೆಗೆದು ಕೂತಿದ್ದೇನೆ.
ಹತ್ತು ಮುಕ್ಕಾಲು. ಸೊನ್ನೆ ಹಾಕಿಲ್ಲ ಇನ್ನೂ.