ಅಂಚಿನಿಂದ ಮೂವತ್ತೊಂದು ಗಜ

ಪ್ರತಿ ಮಾರ್ಚಿಗೊಮ್ಮೆ ಟೇಪು ಹಿಡಿದು ಬರುತ್ತೇನೆ
ಕೌನ್ಸಿಲಿನ ಹಳದಿ ಕೋಟು ತೊಟ್ಟು.
ಯಾರ್ಕ್‌ಷೈರಿನ ಈ ಮೂಡಣ ಕರಾವಳಿಯಲ್ಲಿ
ಬಂಡೆಯಿಲ್ಲ, ಬರೀ ಜೇಡಿಮಣ್ಣು;
ಕಡಲು ಅದನ್ನು ಬ್ರೆಡ್ಡಿನ ಹಾಗೆ
ಅದ್ದಿ ಅದ್ದಿ ತಿನ್ನುತ್ತದೆ.

ಲ್ಯಾಂಡ್‌ಲೇಡಿ ಇದ್ದಾರಾ ಎಂದರೆ
ಎನಿಡ್ ಮೆಡ್‌ಫರ್ತ್ ಬಿಯರಿನ ನಲ್ಲಿ ಬಿಟ್ಟು ಬರುತ್ತಾಳೆ:
"ಲೇಡಿ ಇದ್ದಾಳೆ. ಲ್ಯಾಂಡ್ ಇಲ್ಲ."
ಪಬ್ಬು, ಹಿತ್ತಿಲು ಎಲ್ಲ ಲೀಡ್ಸಿನ ಕಂಪನಿಯದು.
ಇವಳದು ಗ್ಲಾಸು ಒರೆಸುವ ಬಟ್ಟೆ, ಮೂರು ಬೆಕ್ಕು,
ಮತ್ತೆ ಆ ಹೆಸರು.

ಪದಗಳ ಮೇಲೆ ಅವಳಿಗೆ ಸಿಟ್ಟು.
ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ
ಸಾಲ ತೀರಿಸದವರ ಹಾಗೆ ಬರೆದಿಟ್ಟಿದ್ದಾಳೆ.

ಲ್ಯಾಂಡ್‌ಮಾರ್ಕ್: ದೂರದಿಂದ ಕಾಣುವ ಗುರುತು.
ಇತ್ತು, ಚರ್ಚಿನ ಗೋಪುರ.
ಅಜ್ಜಿಯ ಮದುವೆ ಫೋಟೋದಲ್ಲಿ ಇನ್ನೂ ನೆಟ್ಟಗೆ ನಿಂತಿದೆ.

ಲ್ಯಾಂಡ್‌ಲೈನ್: ಅಕ್ಕನ ಮನೆ ಹೋದ ಮೇಲೂ
ಅದರ ತಂತಿ ಎರಡು ವಾರ ಅಂಚಿನಾಚೆ ಜೋತಾಡುತ್ತಿತ್ತು.
ಒಂದು ರಾತ್ರಿ ಎನಿಡ್ ಆ ನಂಬರು ತಿರುಗಿಸಿದಳು.
ಅತ್ತ ಗಂಟೆ ಬಾರಿಸಿತಂತೆ.
ನಾನು ನಂಬಲಿಲ್ಲ.
ಅವಳು ಇನ್ನೊಂದು ಪೈಂಟು ಬಗ್ಗಿಸಿದಳು.

ಲ್ಯಾಂಡ್‌ಸ್ಲೈಡ್: ಚುನಾವಣೆ ಗೆದ್ದವರಿಗೂ ಅದೇ ಮಾತು.
ಆ ಗುರುವಾರ ಟೀವಿಯವರು ಅದನ್ನೇ ಕೂಗುತ್ತಿದ್ದಾಗ
ಹಿತ್ತಿಲ ಕೋಳಿಗೂಡು ಸದ್ದಿಲ್ಲದೆ ನೆಲಕಚ್ಚಿತು.
ಅಲ್ಲ. ಕಚ್ಚಲು ನೆಲ ಇರಲಿಲ್ಲ.

ಎಜ್ರಾ ಬ್ಲೆಂಕಿನ್ ಒಂದು ಪದವನ್ನು ಮಾತ್ರ ಬಿಟ್ಟುಕೊಡುವುದಿಲ್ಲ.
ಹೆಡ್‌ಲ್ಯಾಂಡ್: ನಕಾಶೆಯವರಿಗೆ ಕಡಲಿಗೆ ಚಾಚಿದ ಭೂಶಿರ;
ಅವನಿಗೆ ಹೊಲದ ಕೊನೆಯ ಪಟ್ಟಿ,
ನೇಗಿಲೆತ್ತಿ, ಟ್ರ್ಯಾಕ್ಟರು ಹೊರಳಿಸಿ, ಉಸಿರು ಬಿಡುವ ಜಾಗ.
ಅಪ್ಪ ಹೊರಳುತ್ತಿದ್ದಲ್ಲಿ ಈಗ ಸೀಲುಗಳು ಈಜುತ್ತವೆ.
ಮಗ ವರ್ಷವರ್ಷವೂ ಒಂದಿಷ್ಟು ಮುಂಚೆಯೇ ತಿರುಗುತ್ತಾನೆ,
ಬಾರ್ಲಿಗೆ ಗೊತ್ತಾಗದ ಹಾಗೆ.

ನನಗೂ ಒಂದು ಕೊಟ್ಟಳು, ಕೇಳದೆಯೇ.
ಲ್ಯಾಂಡ್‌ಫಾಲ್.
ನೆಲ ಬೀಳುವುದು ತಾನೇ ಎಂದೆ,
ಬಿದ್ದದ್ದನ್ನು ಅಳೆಯುವುದೇ ನನ್ನ ಸಂಬಳ.
ಅಲ್ಲವಂತೆ.
ವಾರಗಟ್ಟಲೆ ನೀರನ್ನೇ ನೋಡಿ ದಣಿದವನಿಗೆ
ನೆಲ ಮೊದಲು ಕಣ್ಣಿಗೆ ಬೀಳುವುದಂತೆ.
ಗಂಡ ಐಸ್‌ಲ್ಯಾಂಡಿನ ಆಚೆ ಮೀನಿಗೆ ಹೋಗಿ ಮರಳುವಾಗ
ಈ ಮಾಳಿಗೆಯ ದೀಪ ಕಂಡಿತೆಂದರೆ
ಟೋಪಿ ತೆಗೆಯುತ್ತಿದ್ದನಂತೆ.
ಈಗಲೂ ಹಚ್ಚಿಡುತ್ತಾಳೆ.
ಯಾರಿಗೆ ಎಂದು ಕೇಳಲಿಲ್ಲ;
ನನ್ನ ಫಾರಮ್ಮಿನಲ್ಲಿ ಅದಕ್ಕೆ ಖಾನೆಯಿಲ್ಲ.

ಟೇಪು ಮೂವತ್ತೊಂದು ಎಂದಿತು.
ಹೋದ ವರ್ಷ ಮೂವತ್ತಾರು.
ಗಾಳಿಗೆ ಪೆನ್ನು ಹೆಪ್ಪುಗಟ್ಟಿ
ಎರಡು ಸಲ ಗೀಚಬೇಕಾಯಿತು.

ಕರಾರು ಪತ್ರದಲ್ಲಿ ಇನ್ನೂ ಮೂರು ಎಕರೆ.
ತಿಂಗಳ ಮೊದಲ ದಿನ ಮೂರಕ್ಕೂ ಬಾಡಿಗೆ ಕಟ್ಟುತ್ತಾಳೆ.
ಬೇಲಿಯ ಕೊನೆಯ ಗೂಟಕ್ಕೆ ಒರಗಿ
ಗ್ಲಾಸು ಒರೆಸುವ ಬಟ್ಟೆಯಲ್ಲೇ ತೋರಿಸಿದಳು:
"ಅಗೋ, ಆ ಮೂರನೇ ಅಲೆ ಇದೆಯಲ್ಲ,
ಅಲ್ಲೀತನಕ ನನ್ನ ಹಿತ್ತಿಲು.
ಕಾಲು ಒರೆಸಿಕೊಂಡು ಒಳಗೆ ಬಾ."